ಲಾಡ್ಜಿನ ಸಿಸಿಟಿವಿ ನಿರ್ವಹಣೆ: ಪರದೆಯಲ್ಲಿ ಚಿತ್ರವಿದೆ, ಡಿಸ್ಕಿನಲ್ಲಿ ಇದೆಯೇ?

ಪ್ರಶ್ನೆ: ನಮಸ್ಕಾರ ಸರ್. ಮಲ್ಪೆಯ ಕಡಲತೀರಕ್ಕೆ ಸಮೀಪದಲ್ಲಿ 24 ಕೋಣೆಗಳ ಲಾಡ್ಜ್ ನಡೆಸುತ್ತಿದ್ದೇನೆ. ಕೆಳ ಅಂತಸ್ತಿನಲ್ಲಿ ಊಟದ ಹೋಟೆಲೂ ಇದೆ. ಮೊದಲು 8 ಕ್ಯಾಮೆರಾಗಳಿದ್ದವು, ಅನಂತರ ದೃಶ್ಯ ದಾಖಲಿಸುವ ಅದೇ ಡಿವಿಆರ್‌ಗೆ ಇನ್ನೂ 8 ಸೇರಿಸಿದೆವು. 19 ದಿನಗಳ ಹಿಂದೆ ಕಾಣೆಯಾಗಿದ್ದ ಅತಿಥಿಯೊಬ್ಬರ ಬ್ಯಾಗಿನ ವಿಚಾರವಾಗಿ ಪೊಲೀಸರು ಬಂದು ಕೇಳಿದಾಗ ನಮ್ಮಲ್ಲಿ 11 ದಿನಗಳ ದೃಶ್ಯ ಮಾತ್ರ ಇತ್ತು. ಅದರಲ್ಲಿಯೂ ಗಡಿಯಾರ 23 ನಿಮಿಷ ಹಿಂದಿತ್ತು. ಹಿತ್ತಲಿನ ಎರಡು ಕ್ಯಾಮೆರಾಗಳು ಹಗಲು ಚೆನ್ನಾಗಿದ್ದು, ಕತ್ತಲಾದೊಡನೆ ಆರಿಹೋಗುತ್ತವೆ. ವಾರ್ಷಿಕ ನಿರ್ವಹಣೆಗೆಂದು ಹಣ ಕೊಡುತ್ತಿದ್ದೇವೆ. ಬಂದವರು ಪರದೆ ನೋಡಿ, ‘ಎಲ್ಲವೂ ಸರಿಯಿದೆ’ ಎಂದು ಬರೆದು ಹೋಗುತ್ತಾರೆ. ತಪ್ಪು ಎಲ್ಲಿದೆ?

ಉತ್ತರ: ನಮಸ್ಕಾರ. ತಪ್ಪು ಆ ಪರದೆ ನೋಡುವ ಪದ್ಧತಿಯಲ್ಲಿಯೇ ಇದೆ. ನೇರ ಚಿತ್ರ ಕಾಣುತ್ತಿದೆಯೆಂದರೆ ಕ್ಯಾಮೆರಾ ಬದುಕಿದೆ ಎಂದಷ್ಟೇ ಅರ್ಥ. ಅದು ದಾಖಲಾಗುತ್ತಿದೆಯೋ, ಎಷ್ಟು ದಿನ ಉಳಿಯುತ್ತಿದೆಯೋ ಎಂಬುದು ಹಳೆಯ ದೃಶ್ಯವನ್ನು ತೆರೆದು ನೋಡಿದರೆ ಮಾತ್ರ ತಿಳಿಯುತ್ತದೆ.

ನಿಮ್ಮ 11 ದಿನಗಳ ಲೆಕ್ಕವನ್ನು ಮಾಡಿ ನೋಡೋಣ. 2 ಮೆಗಾಪಿಕ್ಸೆಲ್ ಕ್ಯಾಮೆರಾವೊಂದು ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ನಿರಂತರವಾಗಿ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿಬಿ ಬೇಕು. 8 ಕ್ಯಾಮೆರಾಗಳಿದ್ದಾಗ 4 ಟಿಬಿ ಡಿಸ್ಕಿನಲ್ಲಿ 23 ದಿನಗಳು ಹಿಡಿಯುತ್ತಿದ್ದವು. 16 ಆದೊಡನೆ ಅದು ಹನ್ನೊಂದೂವರೆ ದಿನಕ್ಕೆ ಇಳಿಯುತ್ತದೆ. ನಿಮ್ಮಲ್ಲಿರುವುದು 4 ಟಿಬಿ ಡಿಸ್ಕೇ ಆಗಿರಬೇಕೆಂದು ನನ್ನ ಊಹೆ. ಡಿಸ್ಕ್ ಕೆಟ್ಟಿಲ್ಲ, ಕ್ಯಾಮೆರಾ ಸೇರಿಸಿದವರು ಡಿಸ್ಕನ್ನು ಮರೆತಿದ್ದಾರೆ. 30 ದಿನ ಉಳಿಯಬೇಕಾದರೆ ಸುಮಾರು 10.4 ಟಿಬಿ ಬೇಕಾಗುವುದರಿಂದ, ಹಗಲೂ ರಾತ್ರಿಯೂ ಬರೆಯುವುದಕ್ಕೆಂದೇ ತಯಾರಾದ 6 ಟಿಬಿಯ ಎರಡು ಡಿಸ್ಕ್‌ಗಳನ್ನು ಹಾಕಿಸಿ, ಆದರೆ ಅದಕ್ಕೂ ಮೊದಲು ನಿಮ್ಮ ಡಿವಿಆರ್ ಅಷ್ಟನ್ನು ಒಪ್ಪುತ್ತದೆಯೇ ಎಂದು ನೋಡಿಕೊಳ್ಳಿ. 30 ಎಂದು ನಾನು ಸುಮ್ಮನೆ ಹೇಳುತ್ತಿಲ್ಲ: ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳು ಕ್ಯಾಮೆರಾ ಇರಿಸಿ 30 ದಿನಗಳ ದೃಶ್ಯವನ್ನು ಕಾಪಿಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಕೆಳಗೆ ಊಟದ ಹೋಟೆಲ್ ಇರುವ ನಿಮಗೆ ಹಬ್ಬ, ರಜೆಗಳ ದಿನಗಳಲ್ಲಿ ಆ ಸಂಖ್ಯೆ ದೂರದ್ದೇನಲ್ಲ.

ರಾತ್ರಿ ಆರುವ ಕ್ಯಾಮೆರಾಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಕರಾವಳಿಯಲ್ಲಿ ನಾನು ಅತಿ ಹೆಚ್ಚು ನೋಡಿರುವ ದೋಷ ಇದೇ, ಮತ್ತು ಇದಕ್ಕಾಗಿ ಒಳ್ಳೆಯ ಕ್ಯಾಮೆರಾಗಳನ್ನು ಎಸೆದು ಹೊಸದನ್ನು ಕೊಂಡವರೂ ಬಹಳ ಮಂದಿ. ಕತ್ತಲಾದಾಗ ಕ್ಯಾಮೆರಾದೊಳಗಿನ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಅದು ಎಳೆಯುವ ಕರೆಂಟು ಹೆಚ್ಚುತ್ತದೆ. ತಂತಿ ಉದ್ದವಾಗಿದ್ದು ತೆಳುವಾಗಿದ್ದರೆ ಅಥವಾ ಜೋಡಣೆಗೆ ಕಿಲುಬು ಹಿಡಿದಿದ್ದರೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯಿಂದ ಹೊರಟ 12 ವೋಲ್ಟ್ ಕ್ಯಾಮೆರಾ ತಲುಪುವಷ್ಟರಲ್ಲಿ ಇಳಿದುಹೋಗಿ, ಕ್ಯಾಮೆರಾ ಆರಿ ಮತ್ತೆ ಹೊತ್ತಿಕೊಳ್ಳುತ್ತಲೇ ಇರುತ್ತದೆ. ಹಗಲಿನಲ್ಲಿ ಬಂದ ತಂತ್ರಜ್ಞರಿಗೆ ಇದು ಎಂದಿಗೂ ಸಿಗುವುದಿಲ್ಲ. ಮೀಟರನ್ನು ರಾತ್ರಿ ಹೊತ್ತು, ಕ್ಯಾಮೆರಾದ ತುದಿಯಲ್ಲಿಯೇ ಹಿಡಿದು ಅಳೆಯಬೇಕು. ಉಪ್ಪುಗಾಳಿಗೆ ಕೇಬಲ್ ತುದಿಯ ಬಿಎನ್‌ಸಿ ಕನೆಕ್ಟರ್‌ಗಳು ಬಹಳ ಬೇಗ ಹಾಳಾಗುತ್ತವೆ. ಅವುಗಳನ್ನು ಬದಲಿಸಿ, ಮುಚ್ಚಿದ ಪೆಟ್ಟಿಗೆಯೊಳಗಿಡಿ. ಕೇಬಲ್ ಕೆಳಗಡೆಯಿಂದ ಒಳಹೋಗಲಿ, ಒಳಹೋಗುವ ಮುನ್ನ ಒಂದು ಬಾಗು ಜೋತಿರಲಿ. ಮಳೆನೀರು ಆ ಬಾಗಿನಿಂದಲೇ ತೊಟ್ಟಿಕ್ಕಿಬಿಡುತ್ತದೆ. ಗಾಜನ್ನು ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ಸಿಹಿನೀರಿನಿಂದ ನೆನೆಸಿ.

ಗಡಿಯಾರವನ್ನು ಇಂಟರ್‌ನೆಟ್ ಸಮಯಕ್ಕೆ ಜೋಡಿಸಿ. ವಿದ್ಯುತ್ ಹೋದಾಗಲೆಲ್ಲ ಸಮಯ ತಪ್ಪುತ್ತಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸಿ. ಆದರೆ ಪೊಲೀಸರಿಗೆ ಕೊಡಬೇಕಾದ ದೃಶ್ಯವೇನಾದರೂ ಇದ್ದರೆ ಅದನ್ನು ಪ್ರತಿ ಮಾಡಿಕೊಳ್ಳುವವರೆಗೂ ಗಡಿಯಾರವನ್ನು ಮುಟ್ಟಬೇಡಿ. ಡಿವಿಆರ್‌ನ ಸಮಯ ಮತ್ತು ಮೊಬೈಲಿನ ಸಮಯ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆದಿಟ್ಟರೆ ಆ 23 ನಿಮಿಷಗಳ ಅಂತರಕ್ಕೆ ಆಧಾರವಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂತಹ ದೃಶ್ಯದೊಡನೆ ಪ್ರಮಾಣಪತ್ರ ಕೊಡಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು) ನಮೂದಿಸಬೇಕು. ಪರದೆಗೆ ಮೊಬೈಲ್ ಹಿಡಿದು ತೆಗೆದ ವಿಡಿಯೊ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಪ್ರಶ್ನೆ (ಮೂಡಿಗೆರೆಯಲ್ಲಿ ಹೋಂಸ್ಟೇ ನಡೆಸುವ ಮಹಿಳೆ): ನಮ್ಮಲ್ಲಿ ಸಿಡಿಲಿಗೆ ಎರಡು ಬಾರಿ ಡಿವಿಆರ್ ಸುಟ್ಟಿತು. ಜೊತೆಗೆ, ಅತಿಥಿಗಳು ‘ನಮ್ಮ ಕಾರಿನ ಗೀರು ಯಾರು ಮಾಡಿದರೆಂದು ನೋಡಬೇಕು, ದೃಶ್ಯ ಕಳಿಸಿ’ ಎಂದು ಕೇಳುತ್ತಾರೆ. ಕೊಡಬಹುದೇ?

ಉತ್ತರ: ಮೇಡಂ, ಗೇಟಿನಂತಹ ದೂರದ ಕ್ಯಾಮೆರಾಗಳಿಂದ ಬರುವ ತಾಮ್ರದ ತಂತಿಯೇ ಸಿಡಿಲಿನ ಆಘಾತವನ್ನು ಮನೆಯೊಳಗೆ ತರುವ ದಾರಿ. ಆ ಭಾಗವನ್ನು ವಿದ್ಯುತ್ ಹರಿಯದ ಫೈಬರ್‌ಗೆ ಬದಲಿಸಿ, ಉಳಿದವಕ್ಕೆ ಆಘಾತವನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅರ್ತಿಂಗ್ ಸರಿಯಿಲ್ಲದಿದ್ದರೆ ಪ್ರೊಟೆಕ್ಟರ್ ಹಾಕಿಯೂ ಪ್ರಯೋಜನವಿಲ್ಲ.

ದೃಶ್ಯವನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಅದರಲ್ಲಿ ಬೇರೆ ಅತಿಥಿಗಳೂ ಇರುತ್ತಾರೆ. ಆ ಭಾಗವನ್ನು ಅಳಿಯದಂತೆ ತೆಗೆದಿಟ್ಟು, ದೂರು ಕೊಡುವಂತೆ ತಿಳಿಸಿ, ಪೊಲೀಸರು ಲಿಖಿತವಾಗಿ ಕೇಳಿದಾಗ ಕೊಡಿ. ಪಡಸಾಲೆಯ ಕ್ಯಾಮೆರಾ, ಬಾಗಿಲು ತೆರೆದಾಗ ಕೋಣೆಯ ಒಳಗನ್ನು ತೋರಿಸುತ್ತದೆಯೇ ಎಂಬುದನ್ನೂ ಈ ದಿನವೇ ನೋಡಿ, ಆ ಭಾಗವನ್ನು ಸೆಟ್ಟಿಂಗಿನಲ್ಲಿ ಮರೆಮಾಡಿ. ಒಪ್ಪಿಗೆಯಿಲ್ಲದೆ ಯಾರದಾದರೂ ಖಾಸಗಿ ದೃಶ್ಯವನ್ನು ತಿಳಿದೂ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಅಪರಾಧ. 3 ವರ್ಷಗಳವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ.

ಪ್ರಶ್ನೆ (ಮಲ್ಪೆಯ ಲಾಡ್ಜ್ ನಡೆಸುವವರು ಮತ್ತೆ): ನೀವು ಹೇಳಿದಂತೆ ಪ್ರತಿಯೊಂದು ಕ್ಯಾಮೆರಾದ ಹಳೆಯ ದೃಶ್ಯವನ್ನೂ ತೆರೆದೆ. ಡಿಸ್ಕ್ 4 ಟಿಬಿಯದ್ದೇ. ಕ್ಯಾಶ್ ಕೌಂಟರಿನ ಕ್ಯಾಮೆರಾ ನೇರ ಚಿತ್ರ ತೋರಿಸುತ್ತಿದೆ, ಆದರೆ ಅದರ ಒಂದು ದಿನದ ದಾಖಲೆಯೂ ಇಲ್ಲ! ಹಳೆಯ ಡಿಸ್ಕನ್ನು ಅಂಗಡಿಯವರು ವಿನಿಮಯಕ್ಕೆ ಕೇಳುತ್ತಿದ್ದಾರೆ.

ಉತ್ತರ: ಎರಡನೆಯ ಬಾರಿ ಸೇರಿಸಿದ 8ರಲ್ಲಿ ಅದೂ ಒಂದಾಗಿದ್ದರೆ, ಡಿವಿಆರ್‌ನಲ್ಲಿ ಆ ಕ್ಯಾಮೆರಾದ ಚಾನೆಲ್‌ಗೆ ದಾಖಲಾತಿಯ ವೇಳಾಪಟ್ಟಿಯನ್ನು ಯಾರೂ ಹಾಕಿರಲಿಕ್ಕಿಲ್ಲ, ಮೆನುವಿನಲ್ಲಿ ಎರಡು ನಿಮಿಷದ ಕೆಲಸ. ಹಳೆಯ ಡಿಸ್ಕನ್ನು ಕೊಡಬೇಡಿ. ಅದರಲ್ಲಿ ನಿಮ್ಮ ಅತಿಥಿಗಳ 11 ದಿನಗಳ ಓಡಾಟವಿದೆ. ದಿನಾಂಕ ಬರೆದ ಚೀಟಿ ಅಂಟಿಸಿ, ಬ್ಯಾಗಿನ ವಿಚಾರಣೆ ಮುಗಿಯುವವರೆಗೆ ಬೀಗದೊಳಗಿಡಿ.