ದವಡೆ ಕೀಲು, ಬಾಯಿ ತೆರೆಯದಿರುವುದು, ಹಲ್ಲು ಕಡಿಯುವುದು: ದಂತವೈದ್ಯರನ್ನು ಕೇಳಿ

ಅಡ್ಮಿನ್: ಶಿವಮೊಗ್ಗದ ದಂತವೈದ್ಯೆಯೊಬ್ಬರು ಇವತ್ತು ಸಂಜೆ ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಾರೆ. ಹೆಸರು ಬೇಡ, ಊರು ಬರೆದು ಪ್ರಶ್ನೆ ಕೇಳಿ. ಫಾರ್ವರ್ಡ್ ಹಾಕಬೇಡಿ.

ಭದ್ರಾವತಿ: ಬಾಯಿ ತೆರೆದಾಗ ಕಿವಿ ಹತ್ತಿರ ಟಕ್ ಅನ್ನುತ್ತೆ ಮೇಡಂ. ನೋವಿಲ್ಲ. ಎಕ್ಸ್‌ರೇ ಬೇಕಾ?

ಡಾಕ್ಟರ್: ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತೆ ಅಂದರೆ ಎಕ್ಸ್‌ರೇನೂ ಬೇಡ, ಚಿಕಿತ್ಸೆಯೂ ಬೇಡ. ಕೀಲಿನೊಳಗಿನ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಮುಂದಕ್ಕೆ ಜಾರಿರುತ್ತೆ, ಬಾಯಿ ತೆರೆದಾಗ ವಾಪಸ್ ಜಾಗಕ್ಕೆ ಕೂರುವ ಸದ್ದು ಅದು. ಪರೀಕ್ಷೆ ಮಾಡ್ತೀನಿ ಅಂತ ಬೇಕಂತಲೇ ಟಕ್ ಅನ್ನಿಸಬೇಡಿ. ಒಂದು ದಿನ ಸದ್ದು ನಿಂತು, ಅದೇ ಹೊತ್ತಿಗೆ ಬಾಯಿ ಅರ್ಧಕ್ಕೇ ನಿಂತರೆ ಗುಣವಾಯ್ತು ಅಂದುಕೊಳ್ಳಬೇಡಿ. ಡಿಸ್ಕ್ ಮುಂದೆಯೇ ಸಿಕ್ಕಿಕೊಂಡಿರುತ್ತೆ. ಅದೇ ವಾರ ತೋರಿಸಿ.

ಸಾಗರ: ನಮ್ಮೆಜಮಾನ್ರು ರಾತ್ರಿ ಹಲ್ಲು ಕಡೀತಾರೆ, ಬೆಳಿಗ್ಗೆ ಕಪಾಳ ಬಿಗಿ, ತಲೆನೋವು. ಬಿಸಿನೀರಲ್ಲಿ ಅದ್ದಿ ಕಚ್ಚುವ ಗಾರ್ಡ್ ಆನ್‌ಲೈನಲ್ಲಿ ತರಿಸಲಾ?

ಡಾಕ್ಟರ್: ಬೇಡ. ಅದು ಮೆತ್ತಗಿರುತ್ತೆ, ಕೆಲವರು ನಿದ್ದೆಯಲ್ಲಿ ಅದನ್ನೇ ಇನ್ನಷ್ಟು ಜಗಿದು ಸ್ನಾಯು ಹೆಚ್ಚು ನೋಯಿಸಿಕೊಳ್ತಾರೆ. ಅಳತೆ ತೆಗೆದು ಮಾಡುವ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟ್ ಬೇಕು. ಒಂದು ಸಾಲಿನ ಅಷ್ಟೂ ಹಲ್ಲು ಮುಚ್ಚಬೇಕು, ಸುಮಾರು 2 ಮಿ.ಮೀ. ದಪ್ಪ, ಎದುರು ಸಾಲಿನ ಹಲ್ಲುಗಳು ಎರಡೂ ಕಡೆ ಒಟ್ಟಿಗೆ ತಾಗಬೇಕು. ಬಣ್ಣದ ಕಾಗದ ಕಚ್ಚಿಸಿ ಎತ್ತರವಿದ್ದ ಕಡೆ ಉಜ್ಜಿ ಸರಿಮಾಡ್ತೀವಿ. ಒಂದೆರಡು ವಾರಕ್ಕೆ ಮತ್ತೆ ಬರಲೇಬೇಕು, ಯಾಕಂದರೆ ಸ್ನಾಯು ಸಡಿಲವಾದ ಮೇಲೆ ಕಚ್ಚುವ ಜಾಗ ಬದಲಾಗುತ್ತೆ. ಮುಂದಿನ ಹಲ್ಲಿಗೆ ಮಾತ್ರ ಹಾಕುವ ಚಿಕ್ಕ ತುಂಡನ್ನು ತಿಂಗಳುಗಟ್ಟಲೆ ಹಾಕಿದರೆ ಹಿಂದಿನ ದವಡೆ ಹಲ್ಲು ಮೇಲೆದ್ದು, ಮುಂದಿನ ಹಲ್ಲು ಒಂದಕ್ಕೊಂದು ತಾಗದ ಹಾಗಾಗುತ್ತೆ. ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರಿಗೆ ಸೊಟ್ಟಗಾಗುತ್ತೆ. ಹಗಲು ಅಭ್ಯಾಸ: ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆ ತುದಿ ಮೇಲಿನ ಮುಂದಿನ ಹಲ್ಲಿನ ಹಿಂದೆ ಇರಲಿ. ಕಪಾಳಕ್ಕೆ ಬಿಸಿ ಒದ್ದೆ ಬಟ್ಟೆ 15 ನಿಮಿಷ ಇಡಿ. ಗೊರಕೆ ಜೊತೆ ಉಸಿರು ಮಧ್ಯೆ ನಿಲ್ಲುತ್ತಾ? ಹಾಗಿದ್ದರೆ ಸ್ಪ್ಲಿಂಟ್‌ಗೆ ಮೊದಲು ಅದನ್ನು ಹೇಳಿ.

ಕೊಪ್ಪ: ನನಗೂ ಟಕ್ ಅನ್ನುತ್ತೆ, ನೋವಿಲ್ಲ.

ಡಾಕ್ಟರ್: ಭದ್ರಾವತಿಯವರಿಗೆ ಬರೆದದ್ದೇ.

ಸಾಗರ: ಗೊರಕೆ ಇದೆ, ಉಸಿರು ನಿಲ್ಲೋದು ನೋಡಿಲ್ಲ. ಸ್ಪ್ಲಿಂಟ್‌ಗೆ ಎಷ್ಟಾಗುತ್ತೆ ಮೇಡಂ?

ಹೊಸನಗರ: ವಯಸ್ಸು 34. ಒಂದು ವರ್ಷದಿಂದ ಬಾಯಿ ಸ್ವಲ್ಪ ಸ್ವಲ್ಪವೇ ಕಡಿಮೆ ತೆರೀತಿದೆ. ಖಾರ ತಿಂದರೆ ಉರಿ. ಕೀಲಿನ ತೊಂದರೆ ಅಂತ ಒಬ್ರು ವ್ಯಾಯಾಮ ಹೇಳಿಕೊಟ್ಟರು, ಉಪಯೋಗ ಆಗಿಲ್ಲ. ಇನ್ಯಾವ ವ್ಯಾಯಾಮ ಮಾಡಲಿ?

ಡಾಕ್ಟರ್: ವ್ಯಾಯಾಮ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡಿ: ಕಿವಿ ಮುಂದೆ ಒತ್ತಿದರೆ ನೋವಿದೆಯಾ? ಹಿಂದೆ ಟಕ್ ಅನ್ನುತ್ತಿತ್ತಾ? ಕವಳ (ಎಲೆ ಅಡಿಕೆ) ಹಾಕ್ತೀರಾ? ಬಾಯಿ ತೆರೆದರೆ ಮೇಲಿನ ಕೆಳಗಿನ ಹಲ್ಲಿನ ನಡುವೆ ನಿಮ್ಮದೇ ಬೆರಳು ಎಷ್ಟು ಹಿಡಿಸುತ್ತೆ?

ಹೊಸನಗರ: ನೋವಿಲ್ಲ, ಸದ್ದೂ ಇರಲಿಲ್ಲ. ಕವಳ ದಿನಕ್ಕೆ ಎಂಟು ಹತ್ತು, ಬಸ್ಸಲ್ಲಿ ಹೋಗುವಾಗ ಸುಪಾರಿ ಪ್ಯಾಕೆಟ್. ತಂಬಾಕು ಇಲ್ಲ, ಗುಟ್ಕಾ ಮುಟ್ಟಿಲ್ಲ. ಎರಡು ಬೆರಳು ಕಷ್ಟದಲ್ಲಿ ಹಿಡಿಸುತ್ತೆ.

ಡಾಕ್ಟರ್: ನೀವು ಹೇಳಿದ್ದು ಕೀಲಿನ ತೊಂದರೆ ಥರ ಕಾಣ್ತಿಲ್ಲ. ಡಿಸ್ಕ್ ಸಿಕ್ಕಿಕೊಂಡರೆ ಒಂದೇ ದಿನದಲ್ಲಿ ಬಾಯಿ ನಿಲ್ಲುತ್ತೆ, ದವಡೆ ಆ ಕಡೆಗೆ ವಾಲುತ್ತೆ, ಕಿವಿ ಮುಂದೆ ನೋವಿರುತ್ತೆ. ಖಾರಕ್ಕೆ ಉರಿ ಬರಲ್ಲ. ಉರಿ ಮೊದಲು, ಆಮೇಲೆ ನಿಧಾನವಾಗಿ ಬಾಯಿ ಬಿಗಿಯೋದು ಅಂದರೆ ನನಗಿರುವ ಅನುಮಾನ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪೊರೆಯ ಕೆಳಗೆ ನಾರು ಕಟ್ಟಿ ಬಿಗಿಯುವ ರೋಗ. ಬೆಳಕಲ್ಲಿ ಕನ್ನಡಿ ಹಿಡಿದು ನೋಡಿ. ಕೆನ್ನೆಯ ಒಳಭಾಗ ಕೆಂಪು ಹೋಗಿ ಬಿಳಿಚಿಕೊಂಡಿದೆಯಾ? ಬಾಯೊಳಗೆ ಹೆಬ್ಬೆರಳು, ಹೊರಗೆ ತೋರುಬೆರಳು ಇಟ್ಟು ಕೆನ್ನೆ ಹಿಡಿದರೆ ಹಗ್ಗದಂಥ ಪಟ್ಟಿ ಸಿಗುತ್ತಾ? ನಾಲಿಗೆ ಮೊದಲಿನಷ್ಟು ಹೊರಗೆ ಚಾಚಲು ಆಗುತ್ತಾ?

ಇದಕ್ಕೆ ತಂಬಾಕೇ ಬೇಕಂತಿಲ್ಲ, ಅಡಿಕೆ ಒಂದೇ ಸಾಕು. ಅದರಲ್ಲಿರುವ ಅರೆಕೋಲಿನ್ ನಾರು ಹೆಣೆಯುವ ಜೀವಕೋಶಗಳನ್ನು ಕೆರಳಿಸುತ್ತೆ, ತಾಮ್ರದ ಅಂಶ ಆ ನಾರುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವವನ್ನು ಹೆಚ್ಚಿಸುತ್ತೆ, ಟ್ಯಾನಿನ್ ನಾರು ಕರಗದ ಹಾಗೆ ಮಾಡುತ್ತೆ. ಇವತ್ತೇ ಪೂರ್ತಿ ನಿಲ್ಲಿಸಿ. ಹತ್ತರಿಂದ ಮೂರಕ್ಕೆ ಇಳಿಸೋದು ನಿಲ್ಲಿಸಿದ ಹಾಗಲ್ಲ. ಆಗಲೇ ಕಟ್ಟಿದ ನಾರು ಪೂರ್ತಿ ಹೋಗೋದು ಅಪರೂಪ, ಆದರೆ ಮುಂದುವರಿಯೋದನ್ನು ತಡೆಯಬಹುದು. ಪಟ್ಟಿಗಳಿಗೆ ಸ್ಟೀರಾಯ್ಡ್ ಮತ್ತು ಹಯಲುರೊನಿಡೇಸ್ ಇಂಜೆಕ್ಷನ್ ಕೆಲವು ವಾರ ಕೊಡ್ತಾರೆ, ವ್ಯಾಯಾಮ ಅದರ ಜೊತೆಗೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಿಂದಿನ ಹಲ್ಲುಗಳ ನಡುವೆ ಇಟ್ಟು ಹಿಡಿದಿರಬೇಕು. ಕೆಲವು ದಿನಕ್ಕೊಂದರಂತೆ ಕಡ್ಡಿ ಹೆಚ್ಚಿಸಬೇಕು. ಅವಸರದಲ್ಲಿ ಬಲವಂತವಾಗಿ ಅಗಲಿಸಿದರೆ ಒಳಗೆ ಹರಿದು, ಆ ಗಾಯದ ಕಲೆಯೇ ಇನ್ನಷ್ಟು ಬಿಗಿಯುತ್ತೆ. ನನಗೆ ಹೆಚ್ಚು ಆತಂಕ ಬಾಯಿ ತೆರೆಯದ್ದಕ್ಕಲ್ಲ. ಈ ಸ್ಥಿತಿ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುತ್ತೆ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಇದ್ದರೆ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಲೇಬೇಕು. ಕವಳ ಬಿಟ್ಟ ಮೇಲೂ ತಪಾಸಣೆ ಬಿಡುವ ಹಾಗಿಲ್ಲ.

ತೀರ್ಥಹಳ್ಳಿ: ಡಾಕ್ಟ್ರೇ, ನಾವೆಲ್ಲ ಇದೇ ಬೆಳೆದು ಬದುಕೋರು. ರೋಗ ಬರೋದು ಗುಟ್ಕಾದ ಕೆಮಿಕಲ್‌ನಿಂದ. ನಮ್ಮ ಕಡೆ ಹಸಿ ಅಡಿಕೆ ತಿನ್ನಲ್ಲ, ಬೇಯಿಸಿ ಚೊಗರು ಹಾಕಿದ ಕೆಂಪಡಿಕೆ. ಬೇಯಿಸಿದರೆ ವಿಷ ಹೋಗುತ್ತೆ.

ಶೃಂಗೇರಿ: ಬೆಳೆಯೋರಿಗೂ ಬಾಯಿ ಇದೆ ಮಾರಾಯ್ರೆ. ದರ ಬಿದ್ದೀತು ಅಂತ ಆ ಹುಡುಗನ ಬಾಯಿ ಮುಚ್ಚಿಸ್ತೀರಾ?

ತೀರ್ಥಹಳ್ಳಿ: ತೋಟ ಮಾರಿ ಬೆಂಗಳೂರು ಸೇರಿದೋರು ಹೇಳೋದೇ ಹೀಗೆ. ನಮ್ಮಜ್ಜ ಕೊನೇ ತನಕ ಕವಳ ಹಾಕಿದ್ರು, ಎಂತದೂ ಆಗಿಲ್ಲ.

ಶೃಂಗೇರಿ: ನಾನು ತೋಟದಲ್ಲೇ ಇದ್ದೀನಿ, ಈ ವರ್ಷ ಕೊಳೆರೋಗಕ್ಕೆ ಬೋರ್ಡೋ ಹೊಡೆಸಿದ ಬಿಲ್ ಕಳಿಸ್ಲಾ? ನಿಮ್ಮಜ್ಜಂಗೆ ಆಗಿಲ್ಲ ಅಂತ ಊರಿಗೇ ಆಗಲ್ವಾ?

ಡಾಕ್ಟರ್: ಬೇಯಿಸಿದರೆ ಅರೆಕೋಲಿನ್ ಸ್ವಲ್ಪ ಕಡಿಮೆಯಾಗುತ್ತೆ, ಪೂರ್ತಿ ಹೋಗಲ್ಲ. ಚೊಗರು ಅಂದರೆ ಬೇಯಿಸಿದ ನೀರನ್ನೇ ಇಂಗಿಸಿದ್ದು, ಬಿಟ್ಟುಹೋದ ಟ್ಯಾನಿನ್ ಅದರಲ್ಲೇ ವಾಪಸ್ ಬರುತ್ತೆ. ತಂಬಾಕಿಲ್ಲದ ಅಡಿಕೆಯನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಅಂತ 2004ರ ವರದಿಯಲ್ಲೇ ಹೇಳಿದೆ. ಬೆಳೆಗಾರರ ಸಂಕಷ್ಟ ದೊಡ್ಡದು, ಅದನ್ನು ಬೇರೆ ಕಡೆ ಮಾತಾಡಿ. ಇಲ್ಲಿ ಒಬ್ಬ ರೋಗಿ ಕಾಯ್ತಿದ್ದಾರೆ.

ರಿಪ್ಪನ್‌ಪೇಟೆ: ಫಾರ್ವರ್ಡ್: ಬಾಯಿ ತೆರೆಯದಿದ್ದರೆ ಲವಂಗದೆಣ್ಣೆ ಕೆನ್ನೆಯೊಳಗೆ ತಿಕ್ಕಿ, ಬಿಸಿ ಎಳ್ಳೆಣ್ಣೆ ಕಿವಿಗೆ ಬಿಟ್ಟು, ಹಲ್ಲಿನ ನಡುವೆ ಕಾರ್ಕ್ ಇಟ್ಟು ಮಲಗಿ. 7 ದಿನದಲ್ಲಿ ಗುಣ.

ಡಾಕ್ಟರ್: ಇದನ್ನು ಯಾರೂ ಮಾಡಬೇಡಿ. ಲವಂಗದೆಣ್ಣೆ ಆಗಲೇ ತೆಳುವಾದ ಪೊರೆಯನ್ನು ಸುಡುತ್ತೆ. ಕಿವಿ ಕೊಳವೆಗೂ ದವಡೆ ಕೀಲಿಗೂ ದಾರಿಯಿಲ್ಲ, ಬಿಸಿ ಎಣ್ಣೆ ಬಿಟ್ಟರೆ ತಮಟೆಗೆ ಪೆಟ್ಟು. ನಿದ್ದೆಯಲ್ಲಿ ಕಾರ್ಕ್ ಜಾರಿ ಗಂಟಲಿಗೆ ಹೋದರೆ ಉಸಿರೇ ನಿಲ್ಲುತ್ತೆ. ಗುಂಪಿನ ಮೊದಲ ಸಾಲಲ್ಲೇ ಫಾರ್ವರ್ಡ್ ಬೇಡ ಅಂತ ಬರೆದಿದೆ.

ರಿಪ್ಪನ್‌ಪೇಟೆ: ಒಳ್ಳೇದಾಗ್ಲಿ ಅಂತ ಹಾಕಿದ್ದು. ಇಷ್ಟು ಸಿಟ್ಟು ಯಾಕೆ?

ಡಾಕ್ಟರ್: ಸುಟ್ಟ ಬಾಯಿಗೆ ಚಿಕಿತ್ಸೆ ಮಾಡೋದು ನಾವು. ಅದಕ್ಕೆ.

ಆಗುಂಬೆ: ಮಗನಿಗೆ 6 ವರ್ಷ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಗದ್ದ ಒಡೀತು, ಹೊಲಿಗೆ ಹಾಕಿಸಿದೆವು. ಗಾಯ ಮಾಯ್ದು ಮೂರು ವಾರ ಆಯ್ತು, ಬಾಯಿ ಎಡಕ್ಕೆ ಸೊಟ್ಟ ತೆರೀತಾನೆ.

ಡಾಕ್ಟರ್: ನಾಳೆಯೇ ತೋರಿಸಿ. ಗದ್ದಕ್ಕೆ ಬಿದ್ದ ಪೆಟ್ಟು ನೇರ ಕಿವಿ ಮುಂದಿನ ಕೀಲಿಗೆ ಹೋಗುತ್ತೆ. ಅಲ್ಲಿ ಮೂಳೆಯ ಕತ್ತು ಮುರಿದರೆ ದವಡೆ ಮುರಿದ ಕಡೆಗೇ ವಾಲುತ್ತೆ. ಗದ್ದಕ್ಕೆ ಹೊಲಿಗೆ ಹಾಕಿ ಕೀಲು ನೋಡದೆ ಕಳಿಸೋದು ಆಗುತ್ತಿರುತ್ತೆ. ಪೂರ್ತಿ ದವಡೆಯ ಒಪಿಜಿ ಎಕ್ಸ್‌ರೇ ಕೇಳಿ, ಬೇಕಾದರೆ ಸಿಟಿ. ಮಕ್ಕಳಲ್ಲಿ ಹೆಚ್ಚಿನವಕ್ಕೆ ಆಪರೇಷನ್ ಬೇಡ, ಕೆಲವು ದಿನ ಮೆತ್ತನೆ ಊಟ, ಆಮೇಲೆ ಬೇಗ ಬಾಯಿ ಆಡಿಸುವ ವ್ಯಾಯಾಮ ಸಾಕು. ನೋಯುತ್ತೆ ಅಂತ ಬಾಯಿ ಆಡಿಸದೆ ಬಿಟ್ಟರೆ ಕೀಲಿನ ಮೂಳೆ ಅಂಟಿಕೊಳ್ಳಬಹುದು. ಆಗ ಬಾಯಿ ತೆರೆಯಲ್ಲ, ಆ ಕಡೆ ದವಡೆಯ ಬೆಳವಣಿಗೆಯೂ ನಿಂತು ಮುಖ ಸೊಟ್ಟಗಾಗುತ್ತೆ. ಮಳೆಗಾಲದಲ್ಲಿ ಗದ್ದ ಒಡೆದುಕೊಂಡ ಯಾವ ಮಗುವಿಗೂ ಕಿವಿ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ನೋಡಿ.

ಶಿಕಾರಿಪುರ: ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಕೀಲಿನ ನೋವು ಹೋಗುತ್ತಾ? ಕಚ್ಚು ಸರಿಯಿಲ್ಲ, ಎತ್ತರದ ಹಲ್ಲು ಉಜ್ಜಿಸಬೇಕು ಅಂತಾನೂ ಹೇಳಿದ್ದಾರೆ.

ಡಾಕ್ಟರ್: ಕೀಲು ನೋವಿಗಷ್ಟೇ ಕ್ಲಿಪ್ ಹಾಕಿಸಬೇಡಿ. ಸರಿ ಇರುವ ಹಲ್ಲು ಉಜ್ಜಿಸಬೇಡಿ, ಉಜ್ಜಿದ್ದು ವಾಪಸ್ ಬರಲ್ಲ.

ಭದ್ರಾವತಿ: ಮೇಡಂ, ಬೇಕಂತ ಟಕ್ ಅನ್ನಿಸಬೇಡಿ ಅಂದ್ರಿ, ಅನ್ನಿಸಿದರೆ ಎಂತ ಆಗುತ್ತೆ?

ಡಾಕ್ಟರ್: ಅನ್ನಿಸಬೇಡಿ.

ತೀರ್ಥಹಳ್ಳಿ: ವೀಳ್ಯದೆಲೆ ಒಳ್ಳೇದು ಅಂತಾದರೂ ಒಪ್ಪಿ.

ಶೃಂಗೇರಿ: ಬಿಡಿ ಸಾಕು.

ಅಡ್ಮಿನ್: ಅಡಿಕೆ ಚರ್ಚೆ ಮುಗಿಯಿತು. ಮುಂದುವರಿಸಿದರೆ ತೆಗೆಯುತ್ತೇನೆ.

ಹೊಸನಗರ: ಕನ್ನಡಿಯಲ್ಲಿ ನೋಡಿದೆ ಮೇಡಂ. ಒಳಗೆ ಬಿಳಿಚಿದೆ, ಎರಡೂ ಕಡೆ ಪಟ್ಟಿ ಸಿಗುತ್ತೆ. ಬಾಯಿ ತೆರೆಯೋದು ಸ್ಕೇಲಲ್ಲಿ 24 ಮಿ.ಮೀ. ಬಲಗಡೆ ಹಿಂದೆ ಒಂದು ಹುಣ್ಣಿದೆ, ತಿಂಗಳಾಗಿರಬಹುದು.

ಡಾಕ್ಟರ್: ಈ ವಾರದೊಳಗೆ ಬನ್ನಿ, ಮುಂದಿನ ವಾರ ಅಂತ ತಳ್ಳಬೇಡಿ. ಶರಾವತಿ ದಂತ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗ ಅಥವಾ ಮೆಗ್ಗಾನ್ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ. ಹುಣ್ಣಿನ ವಿಷಯ ಮೊದಲ ಮಾತಲ್ಲೇ ಹೇಳಿ, ಕವಳದ ಲೆಕ್ಕ ಮುಚ್ಚಿಡಬೇಡಿ. ಶುಗರ್ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಚೀಟಿ ತನ್ನಿ. ಅಲ್ಲಿ ತನಕ ಕಡ್ಡಿ ವ್ಯಾಯಾಮ ಬೇಡ, ಹುಣ್ಣಿಗೆ ಏನನ್ನೂ ಹಚ್ಚಬೇಡಿ.

ಹೊಸನಗರ: ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತೀನಿ.

ಸಾಗರ: ಸ್ಪ್ಲಿಂಟ್ ದರ ಕೇಳಿದ್ದೆ, ಯಾರಾದ್ರೂ ಹೇಳಿ.