ಮಗಳಿಗೆ ಸಂಶೋಧನೆ ಮಾಡಬೇಕಂತೆ, ಎಲ್ಲಿಂದ ಶುರು?

ಕಳೆದ ವಾರದ ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಪ್ರಾಜೆಕ್ಟ್ ಮಾಡ್ತೇನೆ ಅಂತಾಳೆ. ನಾನು ಓದಿದ್ದು ಕಾಮರ್ಸ್. ಹೇಗೆ ಸಹಾಯ ಮಾಡಲಿ?
– ಒಬ್ಬ ತಾಯಿ, ಉಳ್ಳಾಲ

ಉಳ್ಳಾಲದಲ್ಲಿದ್ದು ವಿಷಯ ಹುಡುಕುತ್ತೀರಾ ಅಕ್ಕಾ? ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನೇತ್ರಾವತಿ. ಬೇಸಿಗೆಯಲ್ಲಿ ಹೊಳೆಯ ನೀರು ಕಡಿಮೆಯಾದಾಗ ಸಮುದ್ರದ ನೀರು ಅಳಿವೆಯಿಂದ ಒಳಗೆ ಬರುತ್ತದೆ. ಹತ್ತಿರದ ಕೆಲವು ಬಾವಿಗಳು ಉಪ್ಪಾಗುತ್ತವೆ. ‘ಜಲಮಾಲಿನ್ಯ’ ಅಂತ ದೊಡ್ಡ ಹೆಸರೆಲ್ಲ ಬೇಡ. ‘ಹೊಳೆಯಿಂದ ದೂರ ಹೋದಂತೆ ಬಾವಿಯ ಉಪ್ಪು ಕಡಿಮೆಯಾಗುತ್ತದಾ?’ ಇಷ್ಟೇ ಕೇಳಲಿ. ಹತ್ತು ಬಾವಿ, ಒಂದು ಟಿಡಿಎಸ್ ಮೀಟರ್, ಒಂದು ನೋಟ್‌ಬುಕ್ ಸಾಕು. ಎಲ್ಲ ಕಡೆ ಒಂದೇ ಹೊತ್ತಿಗೆ, ಪಂಪ್ ಹಾಕುವ ಮೊದಲೇ ನೀರು ತೆಗೆಯಬೇಕು. ಭರತವೋ ಇಳಿತವೋ ಅದನ್ನೂ ಬರೆಯಲಿ. ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ (ಅದೇ ಟಿಡಿಎಸ್) ಅಂತ ಮೀಟರ್ ಅಂದಾಜು ಕೊಡುತ್ತದೆ, ಕರಗಿದ್ದು ಉಪ್ಪೇ ಅಂತ ಹೇಳುವುದಿಲ್ಲ. ಅದಕ್ಕೆ ಉಪ್ಪಿನಲ್ಲಿರುವ ಕ್ಲೋರೈಡ್ ಎಷ್ಟಿದೆ ಅಂತ ನೋಡುವ ಪರೀಕ್ಷೆ ಬೇಕು. ಪಿಯು ಕಾಲೇಜಿನ ಲ್ಯಾಬ್‌ನಲ್ಲಿ ಕೇಳಿ ನೋಡಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ ಟಿಡಿಎಸ್ 500 ಮಿಲಿಗ್ರಾಂ, ಕ್ಲೋರೈಡ್ 250. ಸಿಕ್ಕಿದ ಅಂಕಿ ಅದರ ಪಕ್ಕ ಇಡಲಿ. ಹೊಳೆಯಿಂದ ದೂರದ ಬಾವಿಯೇ ಜಾಸ್ತಿ ಉಪ್ಪಾಗಿದ್ದರೆ ಅಂಕಿ ತಿದ್ದಬಾರದು. ಅಲ್ಲೇ ಪ್ರಾಜೆಕ್ಟಿನ ರುಚಿ ಇರುವುದು!
– ನಿವೃತ್ತ ವಿಜ್ಞಾನ ಶಿಕ್ಷಕ, ಉಡುಪಿ

ಬಾವಿಯದ್ದು ಬೇಸಿಗೆಯ ಕೆಲಸ. ಅಲ್ಲಿಯವರೆಗೆ ಸುಮ್ನೆ ಕೂರುವುದು ಯಾಕೆ? ಮಳೆ ಅಳೆಯಲಿ. ಬಾಯಿಯೂ ತಳವೂ ಒಂದೇ ಅಗಲ ಇರುವ ಡಬ್ಬ, ಒಂದು ಸ್ಕೇಲು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ, ಇವಳೂ ಆಗಲೇ ಅಳೆದರೆ ಎರಡನ್ನೂ ಹೋಲಿಸಬಹುದು. ಒಂದು ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್ ನೀರು. ನಿಮ್ಮ ತಾರಸಿ ಮೇಲೆ ಎಷ್ಟು ಬಿತ್ತು ಅಂತ ಅವಳೇ ಲೆಕ್ಕ ಹಾಕುತ್ತಾಳೆ. ಇನ್ನೊಂದು ಮಾತು, ‘ಐಡಿಯಾ ಕೊಡಿ ಸರ್’ ಅಂತ ಯಾರ ಹತ್ತಿರವೂ ಬರಿಗೈಯಲ್ಲಿ ಹೋಗಬೇಡಿ. ಪ್ರಶ್ನೆ, ಅಳೆಯುವ ವಿಧಾನ, ಎಲ್ಲಿ ಸಿಕ್ಕಿಹಾಕಿಕೊಂಡಳು ಅನ್ನುವುದು ಒಂದು ಪುಟದಲ್ಲಿರಲಿ. ಆಗ ಮೇಷ್ಟ್ರುಗಳು ಖಂಡಿತ ಸಮಯ ಕೊಡ್ತಾರೆ.
– ಸಂಶೋಧನಾ ವಿದ್ಯಾರ್ಥಿನಿ, ಕೊಣಾಜೆ

ಕಾಮರ್ಸ್ ಓದಿದ್ದು ಒಳ್ಳೆಯದೇ ಆಯಿತು ಬಿಡಿ. ಸೈನ್ಸ್ ಓದಿದ ಅಪ್ಪ ಅಮ್ಮಂದಿರು ಪ್ರಾಜೆಕ್ಟ್ ತಾವೇ ಮುಗಿಸಿಬಿಡ್ತಾರೆ! ಅಂಕಿಗಳ ಪಟ್ಟಿ ಹಾಕುವುದು ನಿಮಗೆ ಗೊತ್ತಲ್ವಾ, ಅಷ್ಟು ಕಲಿಸಿ. ಬೇರೆಯವರ ಬಾವಿಯಾದರೆ ಮನೆಯವರನ್ನು ಮೊದಲೇ ಕೇಳಿ. ಬಾವಿಕಟ್ಟೆಗೆ ಒಬ್ಬಳನ್ನೇ ಕಳಿಸಬೇಡಿ.
– ಇಬ್ಬರು ಮಕ್ಕಳ ತಂದೆ, ಸುರತ್ಕಲ್