ತಾಲೂಕುವಾರು ರಾಗಿ, ಕುರಿ ನಕ್ಷೆ: ಕ್ಯೂಜಿಐಎಸ್‌ನಲ್ಲಿ ಕೆಲವು ತಾಲೂಕು ಖಾಲಿ ಬರುತ್ತಿವೆ

ಹೊಲದಂಚು:
ರಾಗಿ ಬಿತ್ತನೆ ಕ್ಷೇತ್ರ (ಹೆಕ್ಟೇರ್) ಮತ್ತು 2019ರ 20ನೇ ಜಾನುವಾರು ಗಣತಿಯ ಕುರಿ ಸಂಖ್ಯೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನಕ್ಷೆಗೆ ಹಾಕುತ್ತಿದ್ದೇನೆ. ಗಡಿ ಪದರ 2011ರ ಜನಗಣತಿಯದು. ತಾಲೂಕಿನ ಹೆಸರಿನ ಮೇಲೆ ಅಂಕಿಗಳ ಟೇಬಲನ್ನು ಗಡಿ ಪದರಕ್ಕೆ ಜಾಯಿನ್ ಮಾಡಿದರೆ (ಜೋಡಿಸಿದರೆ) ಕೊಟ್ಟೂರಿನಂಥ ಹೊಸ ತಾಲೂಕುಗಳು ಕೂರುತ್ತಲೇ ಇಲ್ಲ. ಕೂತ ಕಡೆಯೂ ವಿಸ್ತಾರ ಜಾಸ್ತಿ ಇರುವ ತಾಲೂಕುಗಳೇ ಕಡುಬಣ್ಣ. ಎಲ್ಲಿ ತಪ್ಪುತ್ತಿದೆ?

ಗಡಿಕಲ್ಲು:
ಹೆಸರು ನಂಬಬೇಡಿ, ಕೋಡ್ ಮೇಲೆ ಜಾಯಿನ್ ಮಾಡಿ. ಜನಗಣತಿಯ ತಾಲೂಕು ಕೋಡ್ ಐದಂಕಿಯದು, ಸೊನ್ನೆಯಿಂದ ಶುರು. ಎಕ್ಸೆಲ್‌ನಲ್ಲಿ ತೆರೆದರೆ ಆ ಸೊನ್ನೆ ಹಾರಿಹೋಗುತ್ತದೆ, ಆಮೇಲೆ ಒಂದೂ ಹೊಂದುವುದಿಲ್ಲ. ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಯುಟಿಎಫ್-8 ಸಿಎಸ್‌ವಿ ಆಗಿ ಉಳಿಸಿ.

ಕೊಟ್ಟೂರು 2011ರಲ್ಲಿ ಕೂಡ್ಲಿಗಿಯೊಳಗಿತ್ತು. ಟೇಬಲ್‌ನಲ್ಲಿ 'ಮೂಲ ತಾಲೂಕು' ಅಂತ ಒಂದು ಕಾಲಂ ಸೇರಿಸಿ, ಎರಡರ ಅಂಕಿ ಕೂಡಿಸಿ, ಆಮೇಲೆ ಜಾಯಿನ್ ಮಾಡಿ. ಹೊಸ ತಾಲೂಕು ಎರಡು ಹಳೆಯ ತಾಲೂಕುಗಳ ಹಳ್ಳಿ ಸೇರಿ ಆಗಿದ್ದರೆ ಮೂರನ್ನೂ ಒಂದೇ ಘಟಕ ಮಾಡಿ ಡಿಸಾಲ್ವ್ ಮಾಡುವುದೇ (ನಡುವಿನ ಗಡಿ ಅಳಿಸಿ ಒಂದಾಗಿಸುವುದೇ) ಪ್ರಾಮಾಣಿಕ ದಾರಿ, ಅಂದಾಜಿನಲ್ಲಿ ಹಂಚಬೇಡಿ. ಜಿಲ್ಲಾವಾರು ಮೊತ್ತ ತಾಳೆ ನೋಡುವಾಗ ಹರಪನಹಳ್ಳಿ ನೆನಪಿರಲಿ: 2011ರ ಪದರದಲ್ಲಿ ಅದು ದಾವಣಗೆರೆ, ಆಮೇಲೆ ಬಳ್ಳಾರಿ, 2021ರಿಂದ ವಿಜಯನಗರ.

ಬಯಲುಸೀಮೆ:
ಕಡುಬಣ್ಣದ ಸಮಸ್ಯೆಗೆ ಕಾರಣ ಬಿಡಿ ಮೊತ್ತಕ್ಕೆ ಬಣ್ಣ ಹಾಕಿರುವುದು. ರಾಗಿಯನ್ನು ಆ ತಾಲೂಕಿನ ಒಟ್ಟು ಬಿತ್ತನೆ ಕ್ಷೇತ್ರದ ಶೇಕಡಾವಾರು ಮಾಡಿ. ನಿವ್ವಳ ಬಿತ್ತನೆ ಕ್ಷೇತ್ರದಿಂದ (ಎರಡು ಬೆಳೆ ತೆಗೆದ ಹೊಲವನ್ನೂ ಒಮ್ಮೆಯೇ ಎಣಿಸುವುದು) ಭಾಗಿಸಿದರೆ, ಎರಡು ಬೆಳೆ ತೆಗೆಯುವ ನೀರಾವರಿ ತಾಲೂಕುಗಳಲ್ಲಿ ಎಲ್ಲ ಬೆಳೆ ಸೇರಿ ನೂರು ದಾಟುತ್ತದೆ.

ಕುರಿಗೆ ಚದರ ಕಿ.ಮೀ. ಲೆಕ್ಕ ಬೇಕಾದರೆ ಪದರವನ್ನು ಇಪಿಎಸ್‌ಜಿ 32643ಕ್ಕೆ (ಮೀಟರ್ ಲೆಕ್ಕದ ನಿರ್ದೇಶಾಂಕ ವ್ಯವಸ್ಥೆ) ತನ್ನಿ. ಅಕ್ಷಾಂಶ-ರೇಖಾಂಶದಲ್ಲೇ ಇದ್ದರೆ ಏರಿಯಾ ಫಂಕ್ಷನ್ ಚದರ ಡಿಗ್ರಿ ಕೊಡುತ್ತದೆ, ಸಾಂದ್ರತೆ ಲಕ್ಷಗಟ್ಟಲೆ ಬರುತ್ತದೆ. ಕುರಿಗೆ ವೃತ್ತ ಹಾಕಿದರೆ ಇನ್ನೂ ಚೆನ್ನ. ಸೈಜ್ ಅಸಿಸ್ಟೆಂಟ್‌ನಲ್ಲಿ 'ಸರ್ಫೇಸ್' ಆರಿಸಿ, ಆಗ ಅಂಕಿಗೆ ತಕ್ಕಂತೆ ವೃತ್ತದ ವಿಸ್ತೀರ್ಣ ಬದಲಾಗುತ್ತದೆ. 'ರೇಡಿಯಸ್' ಇಟ್ಟರೆ ಕುರಿ ನಾಲ್ಕು ಪಟ್ಟು, ವೃತ್ತದ ವಿಸ್ತೀರ್ಣ ಹದಿನಾರು ಪಟ್ಟು! ಇನ್ನೊಂದು ಮಾತು, ಗಣತಿ ತೋರಿಸುವುದು ತಲೆ ಎಣಿಕೆ ಮಾತ್ರ, ಮಾಂಸ-ಉಣ್ಣೆಯ ಉತ್ಪಾದನೆಯಲ್ಲ. ವಲಸೆ ಮಂದೆ ಎಣಿಕೆಯ ಹೊತ್ತಿಗೆ ಎಲ್ಲಿತ್ತು ಅನ್ನುವುದೂ ಅಂಕಿಯನ್ನು ಏರುಪೇರು ಮಾಡುತ್ತದೆ.

ಹೊಲದಂಚು:
ಜಾಯಿನ್ ಸರಿಹೋಯಿತು, ಧನ್ಯವಾದ. ರಾಗಿಗೆ ಚುಕ್ಕಿ ನಕ್ಷೆ ಮಾಡಿದರೆ ಚುಕ್ಕಿಗಳು ಕಾಡಿನಲ್ಲೂ ಕೆರೆಯಲ್ಲೂ ಬೀಳುತ್ತವಲ್ಲ?

ಗಡಿಕಲ್ಲು:
ಬೀಳುತ್ತವೆ, ಅದಕ್ಕೇ ಮಾಸ್ಕ್ ಬೇಕು, ಅಂದರೆ ಚುಕ್ಕಿಗಳನ್ನು ಸಾಗುವಳಿ ಭೂಮಿಯೊಳಗೇ ಇರಿಸುವ ಪದರ. ಇಎಸ್ಎ ವರ್ಲ್ಡ್‌ಕವರ್ 2021ರಲ್ಲಿ (ಉಪಗ್ರಹ ಚಿತ್ರಗಳಿಂದ ಮಾಡಿದ ಭೂಹೊದಿಕೆ ನಕ್ಷೆ) ಸಾಗುವಳಿ ಭೂಮಿ ವರ್ಗ 40. ಅದು 10 ಮೀಟರ್ ರಾಸ್ಟರ್ (ಚೌಕಗಳ ಜಾಲ), ನೇರ ಪಾಲಿಗನೈಸ್ ಮಾಡಿದರೆ (ಗಡಿಯುಳ್ಳ ಆಕೃತಿಗಳಾಗಿ ಬದಲಿಸಿದರೆ) ಕಂಪ್ಯೂಟರ್ ಮಲಗುತ್ತದೆ. ಮೊದಲು 'ಮೋಡ್' ವಿಧಾನದಲ್ಲಿ (ಹೆಚ್ಚು ಚೌಕಗಳಿರುವ ವರ್ಗವೇ ಉಳಿಯುತ್ತದೆ) 100 ಮೀಟರ್‌ಗೆ ಇಳಿಸಿ, ಪಾಲಿಗನೈಸ್, ವರ್ಗ 40 ಮಾತ್ರ ಉಳಿಸಿ ಫಿಕ್ಸ್ ಜಿಯಾಮೆಟ್ರೀಸ್ (ಆಕೃತಿ ದೋಷ ಸರಿಪಡಿಸುವುದು), ತಾಲೂಕು ಪದರದೊಂದಿಗೆ ಇಂಟರ್‌ಸೆಕ್ಷನ್, ಕೊನೆಗೆ ಕೋಡ್ ಮೇಲೆ ಡಿಸಾಲ್ವ್. ಡಿಸಾಲ್ವ್ ಬಿಟ್ಟರೆ ಪ್ರತಿ ಚೂರಿಗೂ ಇಡೀ ತಾಲೂಕಿನ ಚುಕ್ಕಿ ಬೀಳುತ್ತದೆ. ಆಮೇಲೆ 'ರ‍್ಯಾಂಡಮ್ ಪಾಯಿಂಟ್ಸ್ ಇನ್ ಪಾಲಿಗನ್ಸ್', ಸಂಖ್ಯೆಗೆ ಹೆಕ್ಟೇರ್ ಭಾಗಿಸು 100, ಅಂದರೆ ಒಂದು ಚುಕ್ಕಿಗೆ 100 ಹೆಕ್ಟೇರ್.

ಇದೇ ಮಾಸ್ಕನ್ನು ಕೊಡಗಿನ ಕಾಫಿಗೋ ಮಲೆನಾಡಿನ ಅಡಿಕೆಗೋ ಹಾಕಬೇಡಿ. ಆ ತೋಟಗಳು ಅಲ್ಲಿ ಬಹುಪಾಲು ಮರಗಳ ವರ್ಗ 10ರಲ್ಲಿ ಕೂತಿರುತ್ತವೆ, ಕಾಡಿನ ಜೊತೆಗೇ.